ಮೂವತ್ತೆರಡು ತುತ್ತು

ಪುರುಷನ ಹೊಟ್ಟೆ ತುಂಬಲು 32 ತುತ್ತು, ಸ್ತ್ರೀಯ ಹೊಟ್ಟೆ ತುಂಬಲು 28 ತುತ್ತು ಎಂಬ ಲೆಕ್ಕ ಶಿವಾರ್ಯನ 'ಭಗವತೀ ಆರಾಧನೆ'ಯಲ್ಲಿ ಬರುತ್ತದೆ. ಕನ್ನಡದ 'ವಡ್ಡಾರಾಧನೆ'ಯ 19 ಕಥೆಗಳು ನೆಮ್ಮಿ ನಿಂತಿರುವ ಗಾಹೆಗಳು ಈ ಪ್ರಾಕೃತ ಗ್ರಂಥದವೇ. ಈ ಪ್ರಮಾಣಕ್ಕಿಂತ ಒಂದು ತುತ್ತು ಕಡಿಮೆ ಉಂಡರೂ ಅದು ಅವಮೌದರ್ಯ. ಇಳಿಸುತ್ತ ಇಳಿಸುತ್ತ ಒಂದೇ ತುತ್ತಿಗೆ ಬಂದು ನಿಂತರೂ ಅವಮೌದರ್ಯವೇ. ಆರು ಬಾಹ್ಯ ತಪಸ್ಸುಗಳಲ್ಲಿ ಅನಶನದ ನಂತರ ಎಣಿಸುವುದು ಇದನ್ನು. ಕೆ.ಜಿ.ಎಫ್.ನಲ್ಲಿ ಕನ್ನಡ ಅಧ್ಯಾಪಕನಾಗಿದ್ದ ಕಾಲದಲ್ಲಿ ವಿದ್ಯಾರ್ಥಿಗಳಿಗೆ ಈ ಲೆಕ್ಕವನ್ನು ಒಂದು ಟಿಪ್ಪಣಿಯಾಗಿ ಹೇಳುತ್ತಿದ್ದೆ, ಅವರು ಬರೆದುಕೊಳ್ಳುತ್ತಿದ್ದರು. 2011ರ ಆಷಾಢದ ನಂತರ ಅದು ನನ್ನ ಪಾಲಿಗೆ ಟಿಪ್ಪಣಿಯಾಗಿ ಉಳಿಯಲಿಲ್ಲ. ಆ ತಿಂಗಳು ನನ್ನ ಜಠರದ ಮೇಲ್ಭಾಗಕ್ಕೆ ಸಿಲಿಕೋನಿನ ಪಟ್ಟಿಯೊಂದನ್ನು ತೊಡಿಸಲಾಯಿತು. ಅದು ಬಿಗಿಯಾಗಿದ್ದ ವರ್ಷಗಳಲ್ಲಿ ನನ್ನ ಪೂರ್ಣಾಹಾರ ಎಂಟು ತುತ್ತು.

ಆಗ ನನ್ನ ತೂಕ 116 ಕಿಲೋ. ಎತ್ತರವಾದರೋ ಐದೂವರೆ ಅಡಿಗೂ ಕಡಿಮೆ. ಸಕ್ಕರೆ ಕಾಯಿಲೆ ಬಂದು ಒಂಬತ್ತು ವರ್ಷಗಳಾಗಿದ್ದವು. ಬಂಗಾರಪೇಟೆ ರೈಲು ನಿಲ್ದಾಣದ ಮೇಲ್ಸೇತುವೆಯನ್ನು ಹತ್ತಿ ಇಳಿದ ಮೇಲೆ ಕಲ್ಲುಬೆಂಚಿನ ಮೇಲೆ ಸ್ವಲ್ಪ ಹೊತ್ತು ಕೂರದೆ ಮನೆ ಸೇರಲು ಆಗುತ್ತಿರಲಿಲ್ಲ. ಪಥ್ಯ, ನಡಿಗೆ, ಪ್ರಕೃತಿ ಚಿಕಿತ್ಸೆ, ಕಷಾಯ ಎಲ್ಲವೂ ಮುಗಿದ ಮೇಲೆ ಬೆಂಗಳೂರಿನ ವೈದ್ಯರೊಬ್ಬರು ಗ್ಯಾಸ್ಟ್ರಿಕ್ ಬ್ಯಾಂಡ್ ಎಂಬುದನ್ನು ವಿವರಿಸಿದರು. ಹೊಟ್ಟೆಯ ಮೇಲೆ ನಾಲ್ಕೈದು ಸಣ್ಣ ರಂಧ್ರಗಳನ್ನು ಮಾಡಿ, ಜಠರದ ಮೇಲ್ತುದಿಗೆ ಒಂದು ಟೊಳ್ಳು ಉಂಗುರವನ್ನು ತೊಡಿಸುತ್ತಾರೆ. ಉಂಗುರದ ಮೇಲೆ ಉಳಿಯುವ ಚೀಲದಲ್ಲಿ ಹಿಡಿಸುವುದು 15ರಿಂದ 30 ಮಿಲಿಲೀಟರ್, ಅಂದರೆ ಒಂದೆರಡು ದೊಡ್ಡ ಚಮಚದಷ್ಟು. ಉಂಗುರದಿಂದ ಹೊರಟ ಸಣ್ಣ ಕೊಳವೆ ಹೊಟ್ಟೆಯ ಚರ್ಮದ ಕೆಳಗೆ ಹುದುಗಿಸಿದ ಪೋರ್ಟ್ ಎಂಬ ಗುಂಡಿಗೆ ಸೇರುತ್ತದೆ. ಹೊರಗಿನಿಂದ ಅದಕ್ಕೆ ಸೂಜಿ ಚುಚ್ಚಿ ಉಪ್ಪುನೀರು ತುಂಬಿದರೆ ಉಂಗುರ ಬಿಗಿಯಾಗುತ್ತದೆ, ಹೀರಿ ತೆಗೆದರೆ ಸಡಿಲವಾಗುತ್ತದೆ. ಜಠರವನ್ನು ಕತ್ತರಿಸುವುದಿಲ್ಲ, ಕರುಳನ್ನು ತಿರುಗಿಸಿ ಜೋಡಿಸುವುದಿಲ್ಲ, ಬೇಡವೆಂದಾಗ ತೆಗೆದುಹಾಕಲೂಬಹುದು. ಈ ಕೊನೆಯ ಮಾತೇ ನನ್ನನ್ನು ಒಪ್ಪಿಸಿತು.

ಬಿಗಿ ಮಾಡಿ ಸಡಿಲಿಸಬಹುದಾದ ಈ ಉಂಗುರವನ್ನು ಮೊದಮೊದಲು ತೊಡಿಸಿದವರಲ್ಲಿ ಒಬ್ಬರು ಉಕ್ರೇನ್ ಮೂಲದ ಅಮೆರಿಕದ ಶಸ್ತ್ರವೈದ್ಯ ಲುಬೊಮಿರ್ ಕುಜ್ಮಾಕ್, 1986ರಲ್ಲಿ. ಹೊಟ್ಟೆಯನ್ನು ಪೂರ್ತಿ ಸೀಳದೆ ಲ್ಯಾಪರೊಸ್ಕೋಪಿಯಿಂದ ತೊಡಿಸುವ ಕ್ರಮ 1993ರಲ್ಲಿ ಬೆಲ್ಜಿಯಮ್‌ನಲ್ಲಿ ಆರಂಭವಾಯಿತು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಒಪ್ಪಿಗೆ ಕೊಟ್ಟದ್ದು 2001ರಲ್ಲಿ. ಅದೇ ವರ್ಷದ ಫೆಬ್ರವರಿ 28ರಂದು ನಮ್ಮೂರಿನ ಚಿನ್ನದ ಗಣಿ ಮುಚ್ಚಿತು. ಎರಡಕ್ಕೂ ಯಾವ ಸಂಬಂಧವೂ ಇಲ್ಲ; ಆದರೆ ಕೆ.ಜಿ.ಎಫ್.ನವರಿಗೆ 2001 ಎಂದೊಡನೆ ನೆನಪಾಗುವುದು ಅದೊಂದೇ.

ಆಸ್ಪತ್ರೆಯಿಂದ ಬರುವಾಗ ಅಚ್ಚು ಹಾಕಿಸಿದ ಒಂದು ಪಥ್ಯದ ಹಾಳೆಯನ್ನು ಕೊಟ್ಟಿದ್ದರು. ಮೊದಲ ಎರಡು ವಾರ ದ್ರವಾಹಾರ, ನಂತರ ಎರಡು ವಾರ ನುಣ್ಣಗೆ ಅರೆದದ್ದು, ಆಮೇಲೆ ಮೆತ್ತಗಿನದು. ಪ್ರತಿ ತುತ್ತನ್ನೂ ಇಪ್ಪತ್ತು ಮೂವತ್ತು ಬಾರಿ ಅಗಿಯಬೇಕು. ಊಟದ ನಡುವೆ ನೀರು ಕುಡಿಯಬಾರದು. ತಟ್ಟೆ ಚಿಕ್ಕದಿರಬೇಕು, ಚಮಚ ಇನ್ನೂ ಚಿಕ್ಕದಿರಬೇಕು. ಸೂಪು, ಬ್ರೆಡ್ಡು, ಬೇಯಿಸಿದ ಮೀನು ತಿನ್ನುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದ ಹಾಳೆ ಅದು. ನಮ್ಮದು ಸಸ್ಯಾಹಾರದ ಮನೆ, ಅದೂ ಮುದ್ದೆಯ ಸೀಮೆಯ ಮನೆ. ಮುದ್ದೆಯನ್ನು ಅಗಿಯುವಂತಿಲ್ಲ ಎಂಬುದು ಕೋಲಾರದ ಮಗುವಿಗೆ ಅಕ್ಷರಕ್ಕೂ ಮೊದಲು ಬರುವ ವಿದ್ಯೆ. ಬೆರಳಿನಿಂದ ಮುರಿದು, ಅಂಗೈಯಲ್ಲಿ ಉರುಟು ಮಾಡಿ, ಸಾರಿನಲ್ಲಿ ಅದ್ದಿ ನುಂಗಬೇಕು. ಅಗಿದವನನ್ನು ಅಜ್ಜಿ ನಗಾಡುತ್ತಿದ್ದಳು. ಐವತ್ತರ ಹತ್ತಿರದ ವಯಸ್ಸಿನಲ್ಲಿ ಆ ವಿದ್ಯೆಯನ್ನು ಮರೆಯಬೇಕಾಯಿತು. ನುಂಗಿದ ಮುದ್ದೆ ಉಂಗುರದ ಮೇಲೆ ಬಿರಡೆಯಂತೆ ಕೂರುತ್ತದೆ. ಅಗಿದ ಮುದ್ದೆ ಹಲ್ಲಿಗೂ ಅಂಗುಳಿಗೂ ಮೆತ್ತಿ ಮುದ್ದೆಯ ರುಚಿಯನ್ನೇ ಕಳೆದುಕೊಳ್ಳುತ್ತದೆ.

ಸಿಕ್ಕಿಕೊಳ್ಳುವುದು ಎಂದರೇನೆಂದು ಅನುಭವಿಸದವರಿಗೆ ಹೇಳುವುದು ಕಷ್ಟ. ಅದು ವಾಂತಿಯಲ್ಲ. ಎದೆಯ ನಡುವೆ ಯಾರೋ ಹೆಬ್ಬೆರಳಿನಿಂದ ಒತ್ತಿ ಹಿಡಿದಂತೆ ಆಗುತ್ತದೆ. ಬಾಯಿಯಲ್ಲಿ ಜೊಲ್ಲು ನೊರೆನೊರೆಯಾಗಿ ಉಕ್ಕುತ್ತದೆ, ನೀರು ಕುಡಿದರೆ ಅದೂ ಮೇಲಕ್ಕೇ ಬರುತ್ತದೆ. ಎದ್ದು ಓಡಾಡುತ್ತ ಹತ್ತು ನಿಮಿಷವೋ ಅರ್ಧ ಗಂಟೆಯೋ ಕಾಯುವುದೊಂದೇ ದಾರಿ. ಬಿಸಿ ಅನ್ನ ಕೆಲವು ದಿನ ಇಳಿಯುತ್ತದೆ, ಕೆಲವು ದಿನ ಇಳಿಯುವುದಿಲ್ಲ. ಬೆಳಿಗ್ಗೆ ಉಂಗುರ ಬಿಗಿ, ಸಂಜೆಗೆ ಸಡಿಲ. ಏಕೆಂದು ಯಾರೂ ಸರಿಯಾಗಿ ಹೇಳರು. ಆದ್ದರಿಂದ ನನ್ನ ಬೆಳಗಿನ ಉಪಾಹಾರ ಮಜ್ಜಿಗೆ ಬೆರೆಸಿದ ರಾಗಿ ಅಂಬಲಿಯಾಯಿತು. ಮುದ್ದೆ ಕೈಬಿಟ್ಟರೂ ರಾಗಿ ಕೈಬಿಡಲಿಲ್ಲ. ಮಾತ್ರೆಗಳನ್ನು ಕುಟ್ಟಿ ಪುಡಿ ಮಾಡಿ ನುಂಗುವುದನ್ನು ಕಲಿತೆ. ಮೊಣಕಾಲಿನ ನೋವಿಗೆ ಎಲ್ಲರೂ ತೆಗೆದುಕೊಳ್ಳುವ ನೋವಿನ ಮಾತ್ರೆಗಳನ್ನು ಜಠರದ ಕಾರಣಕ್ಕೆ ಬಿಡಿಸಿದರು. ರಾತ್ರಿ ಬೋರಲು ಮಲಗಿದರೆ ಪೋರ್ಟು ಪಕ್ಕೆಲುಬಿನ ಕೆಳಗೆ ಬೆಣಚುಕಲ್ಲಿನಂತೆ ಒತ್ತುತ್ತಿತ್ತು. ಇವೆಲ್ಲಕ್ಕೂ ದೇಹ ಆರು ತಿಂಗಳಲ್ಲಿ ಹೊಂದಿಕೊಂಡಿತು.

ಹೊಂದಿಕೊಳ್ಳಲು ಹೆಚ್ಚು ಕಾಲ ಹಿಡಿದದ್ದು ಬೇರೆಯವರ ಮನೆಯ ಎಲೆಯ ಮುಂದೆ.

ನಮ್ಮ ಸೀಮೆಯಲ್ಲಿ ಎದುರಾದವರನ್ನು ಮಾತನಾಡಿಸುವುದೇ ಊಟದಿಂದ. ಬಂಗಾರಪೇಟೆಯ ಪೇಟೆಬೀದಿಯಲ್ಲಿ 'ಊಟ ಆಯ್ತಾ' ಎಂದು ಕನ್ನಡದಲ್ಲಿ ಕೇಳಿದರೆ, ಬೇತಮಂಗಲದ ಕಡೆಯವರು 'ತಿನ್ನಾರಾ' ಎಂದು ತೆಲುಗಿನಲ್ಲಿ ಕೇಳುತ್ತಾರೆ, ಚಾಂಪಿಯನ್ ರೀಫ್ಸ್‌ನ ಲೈನುಗಳಲ್ಲಿ 'ಸಾಪ್ಟೀಂಗಳಾ' ಎಂದು ತಮಿಳಿನಲ್ಲಿ ಕೇಳುತ್ತಾರೆ. ಮೂರು ಭಾಷೆಯವರು ಬೇರೆ ಯಾವ ವಿಷಯದಲ್ಲಿ ಜಗಳವಾಡಿದರೂ ಈ ಪ್ರಶ್ನೆಯಲ್ಲಿ ಒಂದೇ. ಇದು ಬರಿಯ ಉಪಚಾರದ ಮಾತೆಂದು ನಾನು ಎಣಿಸುವುದಿಲ್ಲ. ಐರಿಷ್ ಸೈನಿಕ ಮೈಕೆಲ್ ಲ್ಯಾವೆಲ್ ಇಲ್ಲಿ ಚಿನ್ನ ಅಗೆಯುವ ಹಕ್ಕನ್ನು ಮೈಸೂರು ಸರ್ಕಾರದಿಂದ ಪಡೆದದ್ದು 1875ರಲ್ಲಿ. ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಬಂದದ್ದು 1880ರಲ್ಲಿ. ಗಣಿಯ ಇತಿಹಾಸ ಬರೆಯುವವರು ಈ ಎರಡು ಇಸವಿಗಳ ನಡುವಿನ ಕಾಲವನ್ನು ಬಂಡವಾಳಕ್ಕಾಗಿ ಅಲೆದ ಕಾಲವೆಂದು ಒಂದು ವಾಕ್ಯದಲ್ಲಿ ದಾಟಿಬಿಡುತ್ತಾರೆ. ಆದರೆ ಆ ನಡುವೆಯೇ, 1876ರಿಂದ 78ರವರೆಗೆ, ಮೈಸೂರು ಸೀಮೆಯ ಮಹಾಕ್ಷಾಮ ನಡೆದುಹೋಯಿತು. ಅತಿ ಹೆಚ್ಚು ಬಳಲಿದ ಜಿಲ್ಲೆಗಳಲ್ಲಿ ಕೋಲಾರವೂ ಒಂದು. 1871ರ ಜನಗಣತಿಯಲ್ಲಿ 50 ಲಕ್ಷ ದಾಟಿದ್ದ ಸಂಸ್ಥಾನದ ಜನಸಂಖ್ಯೆ 1881ರಲ್ಲಿ 42 ಲಕ್ಷಕ್ಕೂ ಕೆಳಗಿಳಿದಿತ್ತು. ಪಕ್ಕದ ಮದ್ರಾಸ್ ಪ್ರಾಂತ್ಯದಲ್ಲಿ, ಪರಿಹಾರ ಕಾಮಗಾರಿಯಲ್ಲಿ ದುಡಿಯುವ ಆಳಿಗೆ ದಿನಕ್ಕೆ ಒಂದು ಪೌಂಡ್ ಧಾನ್ಯ ಸಾಕೆಂದು ಸರ್ ರಿಚರ್ಡ್ ಟೆಂಪಲ್ ವಾದಿಸಿದರೆ, ಸಾಲದೆಂದು ಅಲ್ಲಿನ ನೈರ್ಮಲ್ಯಾಧಿಕಾರಿ ಡಾ. ಕಾರ್ನಿಷ್ ಬರೆದರು. ಒಬ್ಬ ಮನುಷ್ಯನಿಗೆ ಎಷ್ಟು ತುತ್ತು ಬೇಕೆಂಬ ಲೆಕ್ಕವನ್ನು ಶಿವಾರ್ಯನ ನಂತರ ಹೀಗೆ ಇನ್ನೊಂದು ಬಗೆಯವರೂ ಹಾಕಿದ್ದಾರೆ.

ಆ ಬರ ಕಂಡ ಉತ್ತರ ಆರ್ಕಾಟು, ಸೇಲಂ ಮುಂತಾದ ಕಡೆಗಳಿಂದ ಬಂದವರ ಮಕ್ಕಳು ಮೊಮ್ಮಕ್ಕಳೇ ಮುಂದೆ ಗಣಿಯ ಲೈನುಗಳನ್ನು ತುಂಬಿದರು. ಹಗೇವಿನಲ್ಲಿ ರಾಗಿಯನ್ನು ವರ್ಷಗಟ್ಟಲೆ ಕೆಡದಂತೆ ಕಾಪಾಡುತ್ತಿದ್ದ ಒಕ್ಕಲು ಮನೆಗಳ ಹೆಣ್ಣುಮಕ್ಕಳು ಬಂಗಾರಪೇಟೆ, ಮಾಲೂರು ಸೀಮೆಯ ಮನೆಗಳಿಗೆ ಸೊಸೆಯರಾಗಿ ಬಂದರು. ಇಂಥವರ ವಂಶದವರು ಬಡಿಸಿದ ಎಲೆಯ ಮುಂದೆ ಕುಳಿತು 'ಸಾಕು' ಎನ್ನುವುದು ಸುಲಭವಲ್ಲ. ನಮ್ಮಲ್ಲಿ 'ಸಾಕು' ಎಂಬ ಮಾತಿಗೆ ಇನ್ನೊಂದು ಸಲ ಬಡಿಸು ಎಂಬ ಅರ್ಥವೇ ಇದೆ.

ಅಕ್ಕನ ಮನೆ ರಾಬರ್ಟ್‌ಸನ್‌ಪೇಟೆಯಲ್ಲಿ. ನನಗಿಂತ ಹನ್ನೊಂದು ವರ್ಷ ಹಿರಿಯಳು. ತಾಯಿ ಬೇಗ ಹೋದದ್ದರಿಂದ ನನಗೆ ಉಣಿಸಿ ಬೆಳೆಸಿದವಳು ಅವಳೇ. ಭಾನುವಾರದ ಊಟ ಅಲ್ಲಿಯೇ ಎಂಬುದು ನನ್ನ ನೌಕರಿ ಆರಂಭವಾದಂದಿನಿಂದ ನಡೆದುಬಂದ ಪದ್ಧತಿ. ಶಸ್ತ್ರಚಿಕಿತ್ಸೆಯಾದ ಮೂರನೆಯ ತಿಂಗಳು ಅಲ್ಲಿಗೆ ಹೋದಾಗ ಬಸ್ಸಾರು, ಅನ್ನ, ಪಲ್ಯ, ನನಗಾಗಿ ಬಾಣಲೆಯಷ್ಟು ಪಾಯಸ. ಎಂಟು ತುತ್ತಿಗೆ ಕೈ ನಿಂತಿತು. ಅಕ್ಕ ಸ್ವಲ್ಪ ಹೊತ್ತು ನೋಡಿದಳು. 'ಏನೋ ಇದು, ಕೋಳಿ ಕೆದಕಿದ ಹಾಗೆ ಕೆದಕುತ್ತಾ ಕೂತಿದ್ದೀಯ' ಎಂದಳು. ಉಂಗುರದ ವಿಷಯವನ್ನು ಮತ್ತೆ ಹೇಳಿದೆ. ಅವಳಿಗೆ ಅದು ಗೊತ್ತಿರಲಿಲ್ಲವೆಂದಲ್ಲ. ಆಸ್ಪತ್ರೆಯಲ್ಲಿ ಮೂರು ದಿನ ಜೊತೆಗಿದ್ದವಳೇ ಅವಳು. 'ಅದು ಹೊರಗಿನ ಊಟಕ್ಕೆ ಅಂದುಕೊಂಡಿದ್ದೆ' ಎಂದಳು. ಭಾವನವರು ತಲೆ ತಗ್ಗಿಸಿ ಮಜ್ಜಿಗೆ ಕಲಸಿಕೊಳ್ಳುತ್ತಿದ್ದರು. ಅಂದು ಉಳಿದ ಪಾಯಸವನ್ನು ಅಕ್ಕ ಪಕ್ಕದ ಮನೆಗಳಿಗೆ ಹಂಚಿದಳು. ಮುಂದಿನ ನಾಲ್ಕಾರು ಭಾನುವಾರ ಏನಾದರೊಂದು ಕೆಲಸ ಹೇಳಿ ಅವಳೇ ನನ್ನನ್ನು ಊಟಕ್ಕೆ ಕರೆಯಲಿಲ್ಲ. ಈ ಎಲ್ಲ ವರ್ಷಗಳಲ್ಲಿ ನನ್ನನ್ನು ನಿಜವಾಗಿ ಕುಗ್ಗಿಸಿದ್ದು ಆ ಭಾನುವಾರಗಳೇ.

ತೂಕ ಇಳಿಯಲಾರಂಭಿಸಿದ ಮೇಲೆ ಇನ್ನೊಂದು ಕಷ್ಟ. ಕನ್ನಡದಲ್ಲಿ 'ಮೈಕೈ ತುಂಬಿಕೊಂಡಿದ್ದಾನೆ' ಎಂಬುದು ಹೊಗಳಿಕೆ, 'ಇಳಿದುಹೋಗಿದ್ದಾನೆ' ಎಂಬುದು ಮರುಕ. ಕೆ.ಜಿ.ಎಫ್.ನಲ್ಲಿ ಈ ಮರುಕಕ್ಕೆ ಬೇರೆಯದೇ ಕಾರಣವಿದೆ. ಕಲ್ಲಿನ ಧೂಳು ಕುಡಿದು ಶ್ವಾಸಕೋಶ ಗಟ್ಟಿಯಾಗುವ ಸಿಲಿಕೋಸಿಸ್ ಇಲ್ಲಿನ ಗಣಿಗಾರರ ಕಾಯಿಲೆ, ಅದರ ಬೆನ್ನಿಗೆ ಕ್ಷಯ. ಗಟ್ಟಿಮುಟ್ಟಾಗಿದ್ದ ಗಂಡಸು ಒಂದೆರಡು ವರ್ಷಗಳಲ್ಲಿ ಅಂಗಿಯೊಳಗೆ ಸಡಿಲವಾಗುತ್ತ ಹೋದರೆ ಲೈನಿನವರಿಗೆ ಕಾರಣ ಹೇಳಬೇಕಾದ್ದಿರಲಿಲ್ಲ. ನನ್ನ ತಂದೆ ಗಣಿಯ ಟೈಮ್ ಆಫೀಸಿನಲ್ಲಿ ಗುಮಾಸ್ತರಾಗಿದ್ದುದರಿಂದ ಭೂಮಿಯ ಕೆಳಗೆ ಇಳಿದವರಲ್ಲ. ಆದರೂ ಹಾಗೆ ಸಡಿಲವಾದವರನ್ನು ನಮ್ಮ ಮನೆಯ ಜಗುಲಿಯಲ್ಲಿ ಅರ್ಜಿ ಬರೆಸಿಕೊಳ್ಳಲು ಕುಳಿತದ್ದನ್ನು ನಾನು ಕಂಡಿದ್ದೇನೆ. 2012ರಲ್ಲಿ, 116 ಕಿಲೋ 95ಕ್ಕೆ ಇಳಿದಿದ್ದಾಗ, ಹಳೆಯ ವಿದ್ಯಾರ್ಥಿಯೊಬ್ಬನ ತಾಯಿ ಊರಿಗಾಂ ನಿಲ್ದಾಣದಲ್ಲಿ ಸಿಕ್ಕಿದರು. ಗಣಿಗಾರನ ವಿಧವೆ. ತಮಿಳು ಬೆರೆತ ಕನ್ನಡದಲ್ಲಿ, ತಗ್ಗಿದ ದನಿಯಲ್ಲಿ ಅವರು ಕೇಳಿದ್ದು ಒಂದೇ ಮಾತು: 'ಸಾರ್, ಎಕ್ಸ್‌ರೇ ತೆಗೆಸಿದಿರಾ?'

ಆಕೆಗೆ ನಾನು ಉಂಗುರದ ವಿಷಯ ಹೇಳಿದೆ. ಊಟ ಕಡಿಮೆ ಮಾಡುವುದಕ್ಕೆ ದುಡ್ಡು ಕೊಟ್ಟು ಶಸ್ತ್ರಚಿಕಿತ್ಸೆ ಮಾಡಿಸಿಕೊಂಡೆನೆಂದು ಹೇಳುವಾಗ ನನ್ನ ದನಿ ತಾನಾಗಿ ತಗ್ಗಿತು. ಆಕೆ ನಗಲಿಲ್ಲ, ಬೆರಗಾಗಲೂ ಇಲ್ಲ. 'ಶುಗರ್ ಇಳಿದಿದೆಯಾ?' ಎಂದರು. ಇಳಿದಿದೆ ಎಂದೆ, ಇನ್ಸುಲಿನ್ ನಿಂತು ಆಗಲೇ ನಾಲ್ಕು ತಿಂಗಳಾಗಿತ್ತು. 'ಹಾಗಾದರೆ ಒಳ್ಳೆಯದೇ' ಎಂದು ಮಾರಿಕುಪ್ಪದ ರೈಲು ಹತ್ತಿದರು. ಅಂದಿನಿಂದ ಯಾರು ಕೇಳಿದರೂ ಇದ್ದದ್ದನ್ನು ಇದ್ದ ಹಾಗೆ ಹೇಳುವುದು ಸುಲಭವಾಯಿತು. ಮದುವೆ ಮನೆಗಳಲ್ಲಿ ಬಡಿಸುವವರಿಗೆ ಮೊದಲೇ ಹೇಳಿಬಿಡುತ್ತೇನೆ: ಎಲ್ಲವನ್ನೂ ಬಡಿಸಿ, ಆದರೆ ದೇವರ ಎಡೆಗೆ ಇಡುವಷ್ಟು.

ಉಂಗುರಕ್ಕೆ ಒಂದು ದೌರ್ಬಲ್ಯವಿದೆಯೆಂಬುದನ್ನೂ ಇಲ್ಲಿ ಹೇಳಬೇಕು. ಅದು ಗಟ್ಟಿಯನ್ನು ತಡೆಯುತ್ತದೆ, ದ್ರವವನ್ನು ತಡೆಯುವುದಿಲ್ಲ. ಕಬ್ಬಿನ ಹಾಲು, ಐಸ್‌ಕ್ರೀಮು, ಕರಗಿದ ಚಾಕೊಲೇಟು ಸರಾಗವಾಗಿ ಇಳಿಯುತ್ತವೆ, ತರಕಾರಿ ಸಿಕ್ಕಿಕೊಳ್ಳುತ್ತದೆ. ಬಾಯಲ್ಲಿ ಪುಡಿಯಾಗುವ ಕುರುಕಲು ಕೂಡ ಹಾಗೆಯೇ. ತಿಳಿನೀರಿನಂತೆ ಬಣ್ಣವಿಲ್ಲದ ಪಾನಿಗೆ ಹೆಸರಾದ ಬಂಗಾರಪೇಟೆಯ ಪಾನಿಪುರಿಯನ್ನು ನನ್ನ ಉಂಗುರ ಯಾವ ತಕರಾರೂ ಇಲ್ಲದೆ ಒಳಗೆ ಬಿಟ್ಟುಕೊಳ್ಳುತ್ತಿತ್ತು. ಚಪಾತಿಯನ್ನು ತಡೆದು ಪಾನಿಪುರಿಗೆ ಬಾಗಿಲು ತೆರೆಯುವ ಕಾವಲುಗಾರನನ್ನು ನಂಬಿ ಬದುಕಲಾಗದು. ಲೋಕದಲ್ಲೆಲ್ಲ ಈ ಶಸ್ತ್ರಚಿಕಿತ್ಸೆ ಹಿಂದೆ ಸರಿಯಲು ಇದೂ ಒಂದು ಕಾರಣ. ಪಟ್ಟಿ ಜಾರುವುದು, ಜಠರದ ಗೋಡೆಯನ್ನು ಕೊರೆಯುವುದು, ಪೋರ್ಟು ಕೆಡುವುದು ಉಳಿದ ಕಾರಣಗಳು. ಈಗ ಹೆಚ್ಚಿನವರಿಗೆ ಮಾಡುವುದು ಜಠರದ ಬಹುಭಾಗವನ್ನು ಕತ್ತರಿಸಿ ತೋಳಿನಂತೆ ಕಿರಿದು ಮಾಡುವ ಸ್ಲೀವ್ ಶಸ್ತ್ರಚಿಕಿತ್ಸೆ.

ತೂಕ 89ಕ್ಕೆ ಬಂದು ನಿಂತಿತು. ಆರೇಳು ವರ್ಷ ಅಲ್ಲಿಯೇ ಇತ್ತು. ಅಕ್ಕನ ಮನೆಯ ಭಾನುವಾರಗಳೂ ಮರಳಿದವು. ಅದಕ್ಕೆ ಕಾರಣ ಅವರೆಕಾಯಿ. ಕಾಳಿನ ಸಿಪ್ಪೆ ನನಗೆ ಇಳಿಯುವುದಿಲ್ಲವೆಂದು ಕಂಡುಕೊಂಡ ಅಕ್ಕ, ಮಾರ್ಗಶಿರದಲ್ಲಿ ಕಾಳನ್ನು ನೆನೆಹಾಕಿ ಒಂದೊಂದಾಗಿ ಹಿತಕಿ, ಮೆತ್ತಗೆ ಬೇಯಿಸಿ, ಒಂದು ಪುಟ್ಟ ಬಟ್ಟಲಿನಲ್ಲಿ ಇಟ್ಟಳು. ಹಿತಕಿದ ಬೇಳೆ ಸರಾಗವಾಗಿ ಇಳಿಯಿತು. ಸಸ್ಯಾಹಾರಿಗೆ ಪ್ರೋಟೀನು ಎಲ್ಲಿಂದ ಎಂದು ಡಬ್ಬಿಯ ಪುಡಿಯನ್ನು ಬರೆದುಕೊಟ್ಟಿದ್ದ ಪಥ್ಯತಜ್ಞೆಗೂ ಅದು ಒಪ್ಪಿಗೆಯಾಯಿತು. ಒಂದು ಬಟ್ಟಲಿಗೆ ಎರಡು ಗಂಟೆಯ ಕೆಲಸ. ಬಡಿಸುವ ಪ್ರಮಾಣದಲ್ಲಿ ಕಳೆದುಕೊಂಡದ್ದನ್ನು ಅಕ್ಕ ಹಿತಕುವ ಹೊತ್ತಿನಲ್ಲಿ ತುಂಬಿಕೊಂಡಳೆಂದು ನನ್ನ ಭಾವನೆ. ಅವಳು ಹಾಗೆಂದು ಹೇಳಿಲ್ಲ.

ಆ ವರ್ಷಗಳಲ್ಲಿ ಮಿತ್ರರೊಬ್ಬರು, ಶಾಸ್ತ್ರ ಬಲ್ಲವರು, 'ನಿಮ್ಮದು ನಿತ್ಯ ಅವಮೌದರ್ಯ' ಎಂದು ಪ್ರೀತಿಯಿಂದ ಹಾಸ್ಯ ಮಾಡುತ್ತಿದ್ದರು. ನಾನು ಒಪ್ಪುತ್ತಿರಲಿಲ್ಲ. ಅವಮೌದರ್ಯದಲ್ಲಿ ಇನ್ನೂ ಉಣ್ಣಬಲ್ಲವನು ನಿಲ್ಲಿಸುತ್ತಾನೆ. ಮುಂದಿನ ತುತ್ತು ಒಳಗೆ ಹೋಗಲಾರದ್ದರಿಂದ ನಿಲ್ಲಿಸುವವನಿಗೆ ಆ ಹೆಸರು ಸಲ್ಲದು. ಆಹಾರ ಸ್ವೀಕರಿಸುವ ಮುನಿಗಳು ದೋಷ ಕಂಡೊಡನೆ ಊಟ ನಿಲ್ಲಿಸುವುದಕ್ಕೆ 'ಅಂತರಾಯ' ಎನ್ನುತ್ತಾರೆ. ನನ್ನ ಉಂಗುರವನ್ನು ಬೇಕಾದರೆ ಅಂತರಾಯದ ಜಾತಿಗೆ ಸೇರಿಸಬಹುದು, ತಪಸ್ಸಿನ ಜಾತಿಗಲ್ಲ. ವಡ್ಡಾರಾಧನೆಯ ಭದ್ರಬಾಹು ಭಟ್ಟಾರರ ಕಥೆಯಲ್ಲಿ ಹನ್ನೆರಡು ವರ್ಷದ ಕ್ಷಾಮವಿದೆ. ಅದರ ಮೂಲದ ಗಾಹೆ ಘೋರವಾದ ಅವಮೌದರ್ಯದ ಮಾತನ್ನಾಡುತ್ತದೆ. ಕ್ಷಾಮದಲ್ಲಿ ಎಲ್ಲರೂ ಹಸಿದಿರುತ್ತಾರೆ, ಎಲ್ಲರೂ ತಪಸ್ವಿಗಳಲ್ಲ. 1877ರಲ್ಲಿ ಒಂದು ಪೌಂಡ್ ಧಾನ್ಯಕ್ಕೆ ಕಲ್ಲು ಒಡೆದವರನ್ನು ಅವಮೌದರ್ಯ ಆಚರಿಸಿದವರೆಂದು ಯಾರೂ ಕರೆಯಲಾರರು.

2022ರಲ್ಲಿ ರಾತ್ರಿ ಹುಳಿತೇಗು, ಕೆಮ್ಮು ಹೆಚ್ಚಾಗಿ ಬೇರಿಯಮ್ ಕುಡಿಸಿ ಎಕ್ಸ್‌ರೇ ತೆಗೆದರು. ಉಂಗುರದ ಮೇಲಿನ ಚೀಲ ಹಿಗ್ಗಿತ್ತು. ಮೊದಲ ಉಪಾಯವಾಗಿ ಉಪ್ಪುನೀರನ್ನೆಲ್ಲ ಹೀರಿ ತೆಗೆದರು. ಐದು ನಿಮಿಷದ ಕೆಲಸ. ಅಲ್ಲಿಯೇ ಒಂದು ಲೋಟ ನೀರು ಕೊಟ್ಟರು. ಹನ್ನೊಂದು ವರ್ಷಗಳ ನಂತರ ಗಟಗಟನೆ ಕುಡಿದೆ. ಅಂದು ಸಂಜೆಯ ರೈಲಿನಲ್ಲಿ ಹಿಂತಿರುಗುವಾಗ ನಾನು ಮರೆತೇಬಿಟ್ಟಿದ್ದ ಹಸಿವು ಮಾಲೂರಿನ ಬಳಿ ಹೊಟ್ಟೆಯೊಳಗೆ ಎದ್ದು ಕುಳಿತಿತು. ಮರುದಿನ ಒಂದು ಮುದ್ದೆ ಮಾಡಿಸಿಕೊಂಡು ಸೊಪ್ಪಿನ ಸಾರಿನಲ್ಲಿ ಅದ್ದಿ ನುಂಗಿದೆ. ಪೂರ್ತಿ ಇಳಿಯಿತು. ಕಣ್ಣಲ್ಲಿ ನೀರು ಬಂತೆಂದು ಬರೆದರೆ ಓದುಗರು ನಗಬಹುದು.

ಈಗ ಉಂಗುರ ಒಳಗಿದೆ, ಬಿಗಿಯಿಲ್ಲ. ಆರು ಕಿಲೋ ಹೆಚ್ಚಾಗಿದ್ದೇನೆ. ಎಂಟನೆಯ ತುತ್ತಿನ ನಂತರ ಒಂಬತ್ತನೆಯದು, ಹತ್ತನೆಯದು ತಡೆಯಿಲ್ಲದೆ ಹೋಗುತ್ತವೆ. ಹದಿನೈದು ಹದಿನಾರರ ಹತ್ತಿರ ಕೈ ನಿಲ್ಲಿಸುತ್ತೇನೆ. ಕೆಲವು ದಿನ ನಿಲ್ಲುತ್ತದೆ, ಕೆಲವು ದಿನ ಇಪ್ಪತ್ತು ದಾಟುತ್ತದೆ. ಹಾಸ್ಯ ಮಾಡುತ್ತಿದ್ದ ಆ ಮಿತ್ರರು ಈಗ ಇಲ್ಲ. ಇದ್ದಿದ್ದರೆ, ನಿಂತ ದಿನಗಳ ಮಟ್ಟಿಗೆ ಅವರ ಮಾತನ್ನು ಒಪ್ಪಿಕೊಳ್ಳುತ್ತಿದ್ದೆ. ಮೂವತ್ತು ಬಾರಿ ಅಗಿಯುವ ಅಭ್ಯಾಸ ಉಳಿದುಕೊಂಡಿದೆ, ಊಟದ ನಡುವೆ ನೀರು ಕುಡಿಯದಿರುವುದೂ ಉಳಿದಿದೆ. ಅಕ್ಕನ ಮನೆಯ ಪುಟ್ಟ ಬಟ್ಟಲೂ ಹಾಗೆಯೇ ಇದೆ. ಉಂಗುರ ಸಡಿಲಿಸಿದ ವಿಷಯ ತಿಳಿದ ಮೇಲೂ ಅವಳು ಅದನ್ನು ದೊಡ್ಡದು ಮಾಡಿಲ್ಲ. ಎರಡನೆಯ ಸಲ ಬಡಿಸಲೇ ಎಂದು ಮಾತ್ರ ಕೇಳುತ್ತಾಳೆ, ನಾನು ಉತ್ತರ ಹೇಳುವವರೆಗೂ ಸೌಟನ್ನು ಎತ್ತುವುದಿಲ್ಲ.

ವೈದ್ಯರು ಮೂರು ದಾರಿ ಹೇಳಿದ್ದಾರೆ. ನಿಧಾನವಾಗಿ ಮತ್ತೆ ಬಿಗಿ ಮಾಡುವುದು, ಉಂಗುರ ತೆಗೆದು ಸ್ಲೀವ್ ಮಾಡುವುದು, ಅಥವಾ ಸುಮ್ಮನೆ ತೆಗೆದುಬಿಡುವುದು. ಅರವತ್ತು ದಾಟಿದ ವಯಸ್ಸಿನಲ್ಲಿ ಎರಡನೆಯದಕ್ಕೆ ನನ್ನ ಮನಸ್ಸಿಲ್ಲ, ಮೊದಲನೆಯದಕ್ಕೆ ಅವರ ಮನಸ್ಸಿಲ್ಲ. ಸಕ್ಕರೆ ಮತ್ತೆ ಏರತೊಡಗಿದರೆ ನನ್ನ ಮನಸ್ಸನ್ನು ಕೇಳುವಂತಿಲ್ಲವೆಂದೂ ಹೇಳಿದ್ದಾರೆ. ಎಂಡೋಸ್ಕೋಪಿ ಮಾಡಿ ತೀರ್ಮಾನಿಸೋಣವೆಂದು ಜನವರಿಗೆ ದಿನ ಕೊಟ್ಟಿದ್ದರು. ಅಕ್ಕನಿಗೆ ತಿಳಿಸಿದೆ. 'ಜನವರಿಯಲ್ಲಿ ಬೇಡ ಕಣೋ, ಅವರೆ ಮುಗಿಯಲಿ' ಎಂದಳು. ಫೋನ್ ಮಾಡಿ ಫೆಬ್ರವರಿಯ ಎರಡನೆಯ ವಾರಕ್ಕೆ ಬದಲಾಯಿಸಿಕೊಂಡಿದ್ದೇನೆ.